ಆಲಿಕಲ್ಲು ಏಟು ಬಿದ್ದ ಕಾರಿಗೆ ಈ ಡೆಂಟ್ ಅಂಗಡಿ: ನನ್ನ ಅನುಭವ

ಮೊದ್ಲೇ ಹೇಳ್ಬಿಡ್ತೀನಿ, 5ಕ್ಕೆ ನಾಲ್ಕೂವರೆ ಕೊಡ್ತಿದೀನಿ, ಅರ್ಧ ಯಾಕೆ ಕಡಿಮೆ ಅಂತ ಆಮೇಲೆ ಬರ್ತೀನಿ. ರಿವ್ಯೂ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ. ಇಲ್ಲಿ ಕಾರು ಸರಿ ಮಾಡಿಸ್ಕೊಂಡೆ ಅನ್ನೋದು ಒಂದಾದ್ರೆ, ಆಲಿಕಲ್ಲು ಏಟನ್ನ ಹೆಂಗೆ ನೋಡ್ಬೇಕು ಅಂತ ಇವರು ತಾಳ್ಮೆಯಿಂದ ಹೇಳ್ಕೊಟ್ರಲ್ಲ ಅದು ನಂಗೆ ಇನ್ನೂ ದೊಡ್ಡ ಉಪಕಾರ ಆಯ್ತು, ಮಲೆನಾಡಲ್ಲಿ ಮನೆ ತೋಟ ಕೊಟ್ಟಿಗೆ ಅಂತ ಇಟ್ಕೊಂಡಿರೋ ಎಲ್ರಿಗೂ ಬೇಕಾಗೋ ವಿಷ್ಯ ಅದು.

ನಮ್ಮನೆ ಮಂಡಗದ್ದೆ ಕಡೆ. ಏಪ್ರಿಲ್ ಕೊನೇ ವಾರ, ಅಶ್ವಿನಿ ಮಳೆ ಮುಗಿದು ಭರಣಿ ಹುಟ್ಟೋ ಹೊತ್ತು. ಬೆಳಗ್ಗೆಯಿಂದ ಒಂದು ಎಲೆ ಅಲ್ಲಾಡ್ತಿರ್ಲಿಲ್ಲ, ಅಂಥಾ ಸೆಖೆ. ಮೂರೂವರೆ ಹೊತ್ತಿಗೆ ಮೂಡು ದಿಕ್ಕಲ್ಲಿ ಕಪ್ಪಾಗಿ ಗಾಳಿ ಎದ್ದು ಮೊದ್ಲು ನಾಲ್ಕು ದಪ್ಪ ಹನಿ ಬಿತ್ತು, ಆಮೇಲೆ ಕೊಟ್ಟಿಗೆ ಶೀಟಿನ ಮೇಲೆ ಯಾರೋ ಜಲ್ಲಿ ಸುರಿದ ಹಂಗೆ ಸದ್ದು. ಅಜ್ಜಿ ಇದಕ್ಕೆ ಆಣೆಕಲ್ಲು ಅಂತಿದ್ರು. ಜುಲೈ ಮಳೆ ತಿಂಗಳುಗಟ್ಟಲೆ ಹೊಡೆದ್ರೂ ಇಂಥದ್ದು ಬರೋದು ಕಾಣೆ, ಬೇಸಿಗೆ ಗುಡುಗು ಮೋಡಕ್ಕೇ ಇದು. ಕಾದ ನೆಲದಿಂದ ಏಳೋ ಗಾಳಿ ನೀರಿನ ಹನಿನ ಮೇಲಕ್ಕೆ ಎಳ್ಕೊಂಡು ಹೋಗಿ ಹೆಪ್ಪುಗಟ್ಟಿಸುತ್ತೆ, ಮೋಡದೊಳಗೇ ತೇಲ್ತಾ ತೇಲ್ತಾ ಅದ್ರ ಮೇಲೆ ಇನ್ನಷ್ಟು ನೀರು ಅಂಟಿ ಗಟ್ಟಿಯಾಗುತ್ತೆ, ಗಾಳಿ ಕೈಲಿ ಇನ್ನು ಹೊರಕ್ಕಾಗಲ್ಲ ಅಂದಾಗ ಬೀಳೋದು. ಹೋಳು ಮಾಡಿ ನೋಡಿದ್ರೆ ಈರುಳ್ಳಿ ಥರ ಪದರ ಪದರ ಕಾಣ್ಸುತ್ತೆ.

ಹತ್ತು ನಿಮಿಷ ಅಷ್ಟೇ. ಅಂಗಳ ಬೆಳ್ಳಗೆ. ಹೆಚ್ಚಿನವು ಸುಲಿದ ಅಡಿಕೆ ಗಾತ್ರ, ಕೆಲವು ಅದಕ್ಕಿಂತ ದೊಡ್ಡವು. ನನ್ನ ತಮ್ಮ ಬುದ್ಧಿವಂತ, ಮಳೆ ಸ್ವಲ್ಪ ಬಿಡ್ತಿದ್ದಂಗೆ ಓಡಿಹೋಗಿ ಅತಿ ದೊಡ್ಡದನ್ನ ಆರಿಸಿ ಪಕ್ಕದಲ್ಲಿ 2 ರೂಪಾಯಿ ನಾಣ್ಯ ಇಟ್ಟು ಫೋಟೋ ತೆಗೆದ, ಆಮೇಲೆ ಒಂದಿಷ್ಟನ್ನ ಪ್ಲಾಸ್ಟಿಕ್ ಕವರಲ್ಲಿ ಹಾಕಿ ಫ್ರೀಜರಿಗೆ ಇಟ್ಟ. 2011ರಲ್ಲಿ ಬಂದ ಸರಣಿಯ 2 ರೂಪಾಯಿ ನಾಣ್ಯ ಅಡ್ಡಕ್ಕೆ 25 ಮಿ.ಮೀ. ಇರುತ್ತೆ, ನಮ್ಮ ಕಲ್ಲು ಅದಕ್ಕೆ ಸಮ ಇತ್ತು. ಆ ಗಾತ್ರದ್ದು ಬೀಳೋ ವೇಗ ಗಂಟೆಗೆ 40 ಕಿ.ಮೀ. ಹತ್ರ, ಅದಕ್ಕಿಂತ ದಪ್ಪ ಇದ್ರೆ 60 ದಾಟುತ್ತೆ, ಜತೆಗೆ ಗಾಳಿ ತಳ್ಳಿದ್ರೆ ಇನ್ನೂ ಜಾಸ್ತಿ. ಅವತ್ತು ನಾನು ಎಂತ ಹುಡುಗಾಟ ಮಾರಾಯ ನಿಂದು ಅಂತ ಬೈದಿದ್ದೆ, ಆದ್ರೆ ಆಮೇಲೆ ಎಲ್ಲ ಕಡೆ ಕೆಲಸಕ್ಕೆ ಬಂದಿದ್ದು ಅದೇ ಫೋಟೋ.

ಕಾರು ಅಂಗಳದಲ್ಲೇ ನಿಂತಿತ್ತು. ಮಾರನೇ ದಿನ ಮಧ್ಯಾಹ್ನ ಒಳ್ಳೆ ಬಿಸಿಲಲ್ಲಿ ಸುತ್ತ ಹಾಕಿ ನೋಡಿದೆ, ಗಾಜು ಒಡೆದಿಲ್ಲ, ಬಣ್ಣ ಹೋಗಿಲ್ಲ, ಸದ್ಯ ಬಚಾವ್ ಅನ್ಕೊಂಡು ಸುಮ್ನಾದೆ. ನಾಲ್ಕು ದಿನ ಆದ್ಮೇಲೆ ಸಂಜೆ ಶಿವಮೊಗ್ಗದಲ್ಲಿ ಪೆಟ್ರೋಲ್ ಹಾಕ್ಸಕ್ಕೆ ನಿಲ್ಸಿದಾಗ ಬಂಕಿನ ಚಾವಣಿಯ ಟ್ಯೂಬ್‌ಲೈಟ್ ಬಾನೆಟ್ ಮೇಲೆ ಬಿದ್ದಿತ್ತು, ನೆಟ್ಟಗಿರ್ಬೇಕಾದ ಬೆಳಕಿನ ಗೆರೆ ಹಾವು ಹರಿದ ಹಂಗೆ ಸೊಟ್ಟ ಸೊಟ್ಟ. ಎದೆ ಧಸಕ್ಕಂತು. ಟಾಪ್ ನೋಡಿದ್ರೆ ಅಲ್ಲೂ ಅದೇ.

ಮೊದ್ಲು ಬೇರೆ ಕಡೆ ಒಂದು ಗ್ಯಾರೇಜಿಗೆ ಹೋಗಿದ್ದೆ, ಹೆಸ್ರು ಬೇಡ. ಅವರು ಎರಡು ನಿಮಿಷ ಕೂಡ ನೋಡ್ಲಿಲ್ಲ, ಬಾನೆಟ್ಟು ಟಾಪು ಡಿಕ್ಕಿ ನಾಲ್ಕು ಡೋರು ಎಲ್ಲ ಪುಟ್ಟಿ ಹಾಕಿ ಪೇಂಟ್ ಮಾಡ್ಬೇಕು, 34 ಸಾವಿರ ಅಂದ್ರು. ಡೋರಿಗೆ ಎಲ್ಲಿ ಏಟಾಗಿದೆ ತೋರಿಸಿ ಅಂದ್ರೆ ತೋರ್ಸಕ್ಕೆ ಆಗ್ಲಿಲ್ಲ, ಮಾಡ್ಸಿ ಮೇಡಂ ಹೊಸದಾಗುತ್ತೆ ಅಂತ ಒಂದೇ ಮಾತು. ನಂಗೆ ಮನಸ್ಸು ಒಪ್ಲಿಲ್ಲ. ಕಂಪನಿಯಿಂದ ಬಂದ ಪೇಂಟನ್ನ ಕಾರಣ ಇಲ್ದೆ ಉಜ್ಜಿ ತೆಗೆಸಿದ್ರೆ ಮತ್ತೆ ಅದು ಹಂಗೆ ಬರಲ್ಲ, ನಮ್ಮ ಕಡೆ ಮಳೆಗೆ ಪುಟ್ಟಿ ಕೆಳಗೆ ನೀರು ಸೇರಿದ್ರೆ ಮುಗೀತು. ಆಮೇಲೆ ನಮ್ಮ ಸ್ಕೂಲಿನ ಒಬ್ರು ಮೇಷ್ಟ್ರು ಈ ಅಂಗಡಿ ಹೇಳಿದ್ರು, ಪೇಂಟ್ ಮುಟ್ಟದೆ ಒಳಗಿಂದ ಒತ್ತಿ ಡೆಂಟ್ ತೆಗೀತಾರೆ ಅಂತ.

ಅಂಗಡಿ ಸಣ್ಣದು, ಎರಡು ಕಾರು ಹಿಡಿಸುತ್ತೆ ಅಷ್ಟೇ. ಹೋದ ತಕ್ಷಣ ಅವರು ಮಾಡಿದ ಮೊದಲ ಕೆಲ್ಸ ಕಾರು ತೊಳೆಸಿದ್ದು. ಧೂಳಿದ್ರೆ ಬೆಳಕು ಚದುರಿಹೋಗುತ್ತೆ, ಸಣ್ಣ ಗುಂಡಿ ಮುಚ್ಚಿಹೋಗುತ್ತೆ ಅಂದ್ರು. ಆಮೇಲೆ ನೆರಳಿಗೆ ತಂದು ಒಂದು ಉದ್ದದ ಎಲ್‌ಇಡಿ ಪಟ್ಟಿ, ಅದ್ರ ಮೇಲೆ ಕಪ್ಪು ಗೆರೆ ಗೆರೆ ಇರೋದು, ಅದನ್ನ ಬಾನೆಟ್ ಮೇಲೆ ಒಂದು ಮೊಳ ಎತ್ತರದಲ್ಲಿ ಹಿಡಿದು ನಿಧಾನಕ್ಕೆ ಸರಿಸ್ತಾ ಹೋದ್ರು. ಗೆರೆ ನೆಟ್ಟಗೆ ಹೋಗ್ತಾ ಹೋಗ್ತಾ ಒಂದು ಜಾಗದಲ್ಲಿ ಚಿಟುಕು ಅಂತ ಬಾಗುತ್ತೆ, ಅಲ್ಲೊಂದು ಮಾರ್ಕರ್ ಸುತ್ತು. ಮತ್ತೆ ಸರಿಸೋದು, ಮತ್ತೆ ಸುತ್ತು. ನನ್ನನ್ನೂ ಪಕ್ಕ ಕರೆದು ಬಗ್ಗಿ ನೋಡಿ ಮೇಡಂ, ಕಣ್ಣು ಬಾನೆಟ್ ಮಟ್ಟಕ್ಕೇ ತನ್ನಿ, ಮೇಲಿಂದ ನೋಡ್ಬೇಡಿ ಅಂದ್ರು. ಹಂಗೆ ಬಗ್ಗಿದ್ದೇ ತಡ, ನಾಲ್ಕು ದಿನ ನಂಗೆ ಕಾಣದೆ ಇದ್ದ ಗುಂಡಿಗಳೆಲ್ಲ ಒಂದೊಂದಾಗಿ ಎದ್ದು ಬಂದ್ವು. ಬಾನೆಟ್ಟಲ್ಲಿ 19, ಟಾಪಲ್ಲಿ 31, ಡಿಕ್ಕಿ ಮೇಲೆ 6.

ನಡು ಮಧ್ಯಾಹ್ನದ ಬಿಸಿಲಲ್ಲಿ ನೋಡಿದ್ದೇ ನನ್ನ ತಪ್ಪು ಅಂತ ಆಗ ಗೊತ್ತಾಯ್ತು. ತಲೆ ಮೇಲಿಂದ ಬೀಳೋ ಬೆಳಕು ಗುಂಡಿಯೊಳಗೂ ಹೊರಗೂ ಒಂದೇ ಸಮ ಬೀಳುತ್ತೆ, ನೆರಳೇ ಹುಟ್ಟಲ್ಲ. ಬೆಳಗ್ಗೆ ಏಳು ಗಂಟೆ ಬಿಸಿಲು, ಸಂಜೆ ಬಿಸಿಲು, ಇಲ್ಲಾ ರಾತ್ರಿ ಮೊಬೈಲ್ ಟಾರ್ಚನ್ನ ತಗಡಿಗೆ ತಾಗಿಸೋ ಹಂಗೆ ಅಡ್ಡಕ್ಕೆ ಹಿಡಿಯೋದು, ಓರೆ ಬೆಳಕು ಬೇಕು ಅಷ್ಟೇ. ಆಲಿಕಲ್ಲಿನ ಗುಂಡಿ ಅಗಲ ಇರುತ್ತೆ, ಆಳ ಬಹಳ ಕಡಿಮೆ, ಬೆರಳಿಟ್ರೆ ಕೂಡ ಎಷ್ಟೋ ಸಲ ಗೊತ್ತಾಗಲ್ಲ.

ಈ ಅಂಗಡಿ ಮೇಲೆ ನಂಬಿಕೆ ಬಂದಿದ್ದು ಆಮೇಲೆ. ಎಡಗಡೆ ಹಿಂದಿನ ಡೋರಲ್ಲಿ ಒಂದು ಗುಂಡಿ ಇತ್ತು, ನಾನು ಅದನ್ನೂ ತೋರಿಸ್ದೆ. ಅವರು ನೋಡಿ ಇದು ಆಲಿಕಲ್ಲಲ್ಲ ಮೇಡಂ, ಯಾರೋ ಪಕ್ಕದ ಕಾರಿನ ಬಾಗಿಲು ತೆಗೆದು ಹೊಡೆದಿದ್ದು ಅಂದ್ರು. ಆಲಿಕಲ್ಲಿಂದು ದುಂಡಗೆ ಬಟ್ಟಲ ಥರ ಇರುತ್ತೆ, ಅಂಚು ನಯ, ಬಾಗಿಲು ಹೊಡೆದಿದ್ದು ಉದ್ದಕ್ಕೆ ಗೀರು ಥರ, ನಡುವೆ ಚೂಪು, ಬೇರೆ ಕಾರಿನ ಬಣ್ಣ ಒಂಚೂರು ಅಂಟಿರುತ್ತೆ, ಅದೂ ಮೊಣಕಾಲಿಂದ ಸೊಂಟದ ಎತ್ತರದಲ್ಲೇ. ಬಾನೆಟ್ ಮುಂದಿನ ಅಂಚಲ್ಲಿ ಬಣ್ಣ ಚಿಕ್ಕದಾಗಿ ಹಾರಿದ್ದು ಕೂಡ ಆಲಿಕಲ್ಲಲ್ಲ, ರಸ್ತೆ ಜಲ್ಲಿ ಚಿಮ್ಮಿದ್ದು. ಆಲಿಕಲ್ಲು ಮೇಲ್ಮುಖ ಇರೋ ಜಾಗನ ಹಿಡಿಯುತ್ತೆ, ಸಾಲು ಇಲ್ಲ ಲೆಕ್ಕ ಇಲ್ಲ, ಒಂದು ಕಡೆ ಒತ್ತೊತ್ತಾಗಿ ಇನ್ನೊಂದು ಕಡೆ ವಿರಳವಾಗಿ. ಟಾಪಿನ ನಡುಭಾಗದಲ್ಲಿ ಜಾಸ್ತಿ, ಯಾಕಂದ್ರೆ ಅಲ್ಲಿ ತಗಡಿನ ಕೆಳಗೆ ಆಧಾರ ಕಡಿಮೆ, ಅಂಚಲ್ಲಿ ಒಳಪಟ್ಟಿ ಇರೋದ್ರಿಂದ ಅದೇ ಕಲ್ಲು ಬಿದ್ರೂ ಗುಂಡಿ ಆಗೋದು ಕಡಿಮೆ. ಡೋರಿನ ಗುಂಡಿ ಲೆಕ್ಕಕ್ಕೆ ಸೇರಿಸ್ಲೇ ಇಲ್ಲ ಅವರು, ಬೇಕಾದ್ರೆ ಇನ್ನೊಂದ್ಸಲ ಮಾಡ್ಸಿ ಅಂದ್ರು. ಮೊದಲನೇ ಗ್ಯಾರೇಜ್ ನೆನೆಸ್ಕೊಂಡೆ ನಾನು.

ಗಾಜಿನ ವಿಷ್ಯ ಕೂಡ ಅವರೇ ನೋಡಿದ್ರು, ಅದು ಅವರ ಕೆಲ್ಸ ಅಲ್ದೇ ಇದ್ರೂ. ಮುಂದಿನ ಗಾಜು ಎರಡು ಪದರದ ಮಧ್ಯೆ ಪ್ಲಾಸ್ಟಿಕ್ ಹಾಳೆ ಇಟ್ಟು ಅಂಟಿಸಿರೋದು, ಏಟು ಬಿದ್ರೆ ಒಡೆದು ಬೀಳಲ್ಲ, ಚುಕ್ಕಿ ಬೀಳುತ್ತೆ, ಆ ಚುಕ್ಕಿಯಿಂದ ನಕ್ಷತ್ರದ ಥರ ಗೆರೆ. ಉಗುರು ಇಟ್ಟು ಎಳೆದ್ರೆ ಉಗುರು ಸಿಕ್ಕಿಹಾಕ್ಕೊಳ್ಳುತ್ತೆ. ಹಂಗೇನಾದ್ರೂ ಇದ್ರೆ ಬೇಗ ತುಂಬಿಸ್ಬೇಕು, ಬಿಟ್ರೆ ಬಿಸಿಲಿಗೆ ಎಸಿಗೆ ಬಿರುಕು ಓಡುತ್ತೆ. ಪಕ್ಕದ ಮತ್ತೆ ಹಿಂದಿನ ಗಾಜು ಸಾಮಾನ್ಯವಾಗಿ ಬೇರೆ ಜಾತಿ, ಒಡೆದ್ರೆ ಪೂರ್ತಿ ಪುಡಿ ಪುಡಿ, ಅರ್ಧಂಬರ್ಧ ಅಂತಿಲ್ಲ. ನಮ್ದು ಎರಡೂ ಚೆನ್ನಾಗಿತ್ತು. ಕನ್ನಡಿಯ ಪ್ಲಾಸ್ಟಿಕ್ ಕವರಲ್ಲಿ ಮಾತ್ರ ಕೂದಲಂಥ ಬಿರುಕು, ಅದು ನಾನು ನೋಡೇ ಇರ್ಲಿಲ್ಲ.

ಇನ್ಶೂರೆನ್ಸ್ ಬಗ್ಗೆ ಒಂದು ಮಾತು. ನಮ್ಮ ದೇಶದ ಫುಲ್ ಪಾಲಿಸಿಯಲ್ಲಿ ಸ್ವಂತ ಗಾಡಿ ಹಾನಿ ಭಾಗದಲ್ಲಿ ಆಲಿಕಲ್ಲು ಮಳೆ ಅಂತ ಸ್ಪಷ್ಟವಾಗೇ ಇದೆ, ಥರ್ಡ್ ಪಾರ್ಟಿ ಒಂದೇ ಇದ್ರೆ ಸಿಗಲ್ಲ. ಕ್ಲೇಮ್ ಮಾಡೋದಾದ್ರೆ ರಿಪೇರಿಗೆ ಮುಂಚೆ ಇನ್ಶೂರೆನ್ಸ್ ಕಡೆಯ ಸರ್ವೇಯರ್ ಬಂದು ಹಾನಿ ನೋಡ್ಬೇಕು, ಆದ್ರಿಂದ ಕಾರು ಮುಟ್ಟಿಸೋ ಮುಂಚೆ ಫೋನ್ ಮಾಡಿ ಅಂತ ಇವರೇ ನಂಗೆ ಹೇಳಿದ್ದು, ಕೆಲ್ಸ ಕೈ ತಪ್ಪಬಹುದು ಅಂತ ಯೋಚ್ನೆ ಮಾಡ್ಲಿಲ್ಲ. ನಾನು ಲೆಕ್ಕ ಹಾಕಿದೆ. ಕ್ಲೇಮ್ ಇಲ್ದೆ ಹೋದ್ರೆ ಸ್ವಂತ ಗಾಡಿ ಹಾನಿ ಭಾಗದ ಪ್ರೀಮಿಯಂ ಮೇಲೆ ವರ್ಷ ವರ್ಷ ರಿಯಾಯಿತಿ ನೂರಕ್ಕೆ 20, 25, 35, 45, 50 ಅಂತ ಏರ್ತಾ ಹೋಗುತ್ತೆ, ಒಂದ್ಸಲ ಕ್ಲೇಮ್ ಮಾಡಿದ್ರೆ ಮತ್ತೆ ಸೊನ್ನೆಯಿಂದ. ನಂದು 45ಕ್ಕೆ ಬಂದಿತ್ತು. ಇವರು ಹೇಳಿದ್ದು 11,500. ಕೈಯಿಂದಲೇ ಕೊಟ್ಬಿಡೋಣ ಅನ್ಸ್ತು, ಪೇಂಟ್ ಹೋಗಿದ್ದು ಗಾಜು ಒಡೆದಿದ್ದು ಇದ್ದಿದ್ರೆ ಖಂಡಿತ ಕ್ಲೇಮ್ ಮಾಡ್ತಿದ್ದೆ.

ಕಾರು ಬಿಟ್ಟು ಹೊರಡೋವಾಗ ಅವರು ಕೇಳಿದ್ದು, ಮನೆ ಮೇಲೆ ನೋಡಿದ್ರಾ ಮೇಡಂ, ಕಾರಿಗೆ ಇಷ್ಟು ಬಿದ್ದಿದೆ ಅಂದ್ರೆ ಮನೆಗೂ ಬಿದ್ದಿರುತ್ತಲ್ಲ. ನೀರು ಸೋರ್ತಿಲ್ಲ ಅಂದೆ. ಸೋರೋದು ಆಮೇಲೆ, ಇನ್ನೊಂದು ತಿಂಗಳಿಗೆ ಮಳೆ ಹಿಡಿಯುತ್ತಲ್ಲ ಆಗ ಅಂದ್ರು. ಒಂದು ಸೀಮೆಸುಣ್ಣದ ತುಂಡು ಕೊಟ್ಟು ತಗಡಿನ ಮೇಲೆ ಇದನ್ನ ಅಡ್ಡಕ್ಕೆ ಮಲಗಿಸಿ ಎಳೀರಿ ಅಂದ್ರು. ಟೀಚರ್ ನಾನು, ದಿನಾ ಕೈಯಲ್ಲಿ ಹಿಡಿಯೋದು ಅದನ್ನೇ, ಅದ್ರಿಂದ ಇಂಥ ಉಪಯೋಗ ಇದೆ ಅಂತ ಗೊತ್ತಿರ್ಲಿಲ್ಲ.

ಆ ಭಾನುವಾರ ಪೂರ್ತಿ ನಾನೂ ತಮ್ಮನೂ ಮನೆ ಸುತ್ತಿದ್ವಿ. ಇದನ್ನ ಸ್ವಲ್ಪ ವಿವರವಾಗಿ ಬರೀತೀನಿ.

ಎಲ್ಲದಕ್ಕಿಂತ ಮೊದ್ಲು ಕಣ್ಣಿಗೆ ಬಿದ್ದಿದ್ದು ಕಾಂಪೌಂಡ್ ಗೋಡೆ. ನಮ್ಮ ಕಡೆ ಗೋಡೆ ಅಂದ್ರೆ ಪಾಚಿ ಕಟ್ಟಿ ಕಪ್ಪಗಾಗಿರೋದು ತಾನೇ. ಆ ಕಪ್ಪಿನ ಮೇಲೆ ಮೂಡು ಮುಖದಲ್ಲಿ ಮಾತ್ರ ಅಲ್ಲಲ್ಲಿ ತಿಳಿ ಬಣ್ಣದ ದುಂಡು ಚುಕ್ಕಿ, ಯಾರೋ ಹೆಬ್ಬೆರಳಲ್ಲಿ ಉಜ್ಜಿದ ಹಂಗೆ. ಕಲ್ಲು ಬಡಿದ ಜಾಗದಲ್ಲಿ ಪಾಚಿ ಧೂಳು ಎಲ್ಲ ಕಿತ್ತುಹೋಗಿರುತ್ತೆ, ಗೋಡೆಗೆ ಏನೂ ಆಗಿರಲ್ಲ, ಆದ್ರೆ ಆ ಚುಕ್ಕಿ ಸಾಕ್ಷಿ ಇದ್ದ ಹಂಗೆ. ಯಾವ ದಿಕ್ಕಿಂದ ಬಂತು ಅಂತ ಅದೇ ಹೇಳುತ್ತೆ. ಪಡುವ ಮುಖ ನೋಡಿದ್ರೆ ಒಂದೂ ಇಲ್ಲ. ಕರೆಂಟ್ ಮೀಟರ್ ಡಬ್ಬಿ ಮೇಲೆ, ನೀರಿನ ಟ್ಯಾಂಕ್ ಮೇಲೆ, ಹಳೇ ಡಿಶ್ ಮೇಲೆ ಎಲ್ಲ ಇದೇ ಥರ ಚುಕ್ಕಿ ಇತ್ತು. ಅಲ್ಲಿಗೆ ನಮ್ಗೆ ಒಂದು ಅಂದಾಜು ಸಿಕ್ತು, ಮೂಡು ಇಳಿಜಾರಲ್ಲಿ ಇರೋದನ್ನೆಲ್ಲ ಜಾಸ್ತಿ ಗಮನ ಕೊಟ್ಟು ನೋಡ್ಬೇಕು ಅಂತ. ಫೋಟೋ ಬೇಗ ತೆಗೀಬೇಕು, ಮಳೆಗಾಲ ಹಿಡಿದು ಪಾಚಿ ಮತ್ತೆ ಬೆಳೆದ್ರೆ ಈ ಚುಕ್ಕಿ ಉಳಿಯಲ್ಲ.

ಹಂಚು. ನಮ್ಮನೆ ಹಳೇ ಮಂಗಳೂರು ಹಂಚಿನ ಮನೆ, ಮಂಗನ ಕಾಟ ಬೇರೆ, ವರ್ಷದಲ್ಲಿ ನಾಲ್ಕು ಸಲ ಹಂಚು ಕೈಯಾಡಿಸೋದು ಇದ್ದಿದ್ದೇ. ಹಂಗಾಗಿ ಒಡೆದ ಹಂಚು ಕಂಡ್ರೆ ಎಲ್ಲ ಮಂಗನ ಲೆಕ್ಕಕ್ಕೆ ಹೋಗುತ್ತೆ. ಆದ್ರೆ ಸರಿಯಾಗಿ ನೋಡಿದ್ರೆ ಬೇರೆ ಬೇರೆ ಗೊತ್ತಾಗುತ್ತೆ. ಮಂಗ ಓಡಾಡಿದ ಕಡೆ ಹಂಚು ಜರುಗಿರುತ್ತೆ, ಮೂಲೆ ಮುರಿದಿರುತ್ತೆ, ಒಂದು ದಾರಿ ಥರ ಸಾಲಾಗಿ, ಮರದ ಕೊಂಬೆ ಹತ್ರ ಇರೋ ಕಡೆಯಿಂದ ಶುರುವಾಗಿ. ಆಲಿಕಲ್ಲು ಬಿದ್ದ ಹಂಚು ಇದ್ದ ಜಾಗದಲ್ಲೇ ಇರುತ್ತೆ, ಜರುಗಿರಲ್ಲ, ಅಲ್ಲೇ ಕೂತು ಸೀಳಿರುತ್ತೆ. ಇನ್ನೊಂದು, ಒಡೆದ ಅಂಚಿನ ಬಣ್ಣ. ಹೊಸದಾಗಿ ಒಡೆದಿದ್ರೆ ಒಳಗೆ ಹಸಿ ಕೆಂಪು, ಇಟ್ಟಿಗೆ ಪುಡಿ ಕೈಗೆ ಅಂಟುತ್ತೆ, ಹಳೇದಾದ್ರೆ ಅಂಚೂ ಕಪ್ಪಾಗಿ ಪಾಚಿ ಹತ್ತಿರುತ್ತೆ. ನಮ್ಮನೇಲಿ ಹೊಸ ಕೆಂಪು ಅಂಚು 7 ಹಂಚಲ್ಲಿ ಇತ್ತು, ಎಲ್ಲ ಮೂಡು ಇಳಿಜಾರಲ್ಲೇ. ಹತ್ತಿ ತುಳಿದು ನೋಡಕ್ಕೆ ಹೋಗ್ಬೇಡಿ, ತುಳಿದೇ ಇನ್ನಷ್ಟು ಒಡೆಯುತ್ತೆ, ಅಟ್ಟಕ್ಕೆ ಹೋಗಿ ಕತ್ತಲೆಯಲ್ಲಿ ನಿಂತು ಮೇಲೆ ನೋಡಿ, ಬಿಸಿಲು ಸೂಜಿ ಥರ ಒಳಗೆ ಬರೋ ಜಾಗ ಕಾಣ್ಸುತ್ತೆ. ಮರದ ದಬ್ಬೆ ರೀಪುಗಳಲ್ಲೂ ಹಿಂಗೇ, ಹಳೇ ಸೀಳು ಬೂದು ಬಣ್ಣ, ಹೊಸ ಸೀಳು ಒಳಗೆ ಹಸಿ ಮರದ ಬಣ್ಣ.

ಕೊಟ್ಟಿಗೆ ಮೇಲೆ ಸಿಮೆಂಟ್ ಶೀಟ್. ಮೇಲಿಂದ ನೋಡಿದ್ರೆ ಒಂದು ಸಣ್ಣ ತರಚು ಗಾಯ ಅಷ್ಟೇ, ಕೆಳಗಿಂದ ನೋಡಿದ್ರೆ ಅದೇ ಜಾಗದಲ್ಲಿ ಕೈ ಬೆರಳು ಬಿಡಿಸಿದ ಹಂಗೆ ಬಿರುಕು. ಏಟು ಮೇಲೆ, ಒಡೆಯೋದು ಕೆಳಗೆ. ತಮ್ಮ ಮೇಲಿಂದ ಒಂದು ಬಕೆಟ್ ನೀರು ಸುರಿದ, ನಾನು ಕೆಳಗೆ ದನದ ಪಕ್ಕ ನಿಂತು ನೋಡಿದೆ, ಮೂರು ಕಡೆ ಗೆರೆ ಗೆರೆಯಾಗಿ ಒದ್ದೆ ಮೂಡ್ತು, ಹನಿ ಬೀಳಕ್ಕೆ ಇನ್ನೂ ಟೈಮಿತ್ತು. ಹಳೇ ಸಿಮೆಂಟ್ ಶೀಟಲ್ಲಿ ಕಲ್ನಾರು, ಅಂದ್ರೆ ಆಸ್ಬೆಸ್ಟಾಸ್ ಇರುತ್ತೆ, ಆ ಪುಡಿ ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು, ಒಣಗಿದ್ದಾಗ ಮುರಿಯೋದು ಗರಗಸ ಹಾಕೋದು ಮಾಡ್ಬೇಡಿ, ಒದ್ದೆ ಮಾಡ್ಕೊಂಡು ಇಡೀ ಶೀಟು ಇಳಿಸಿ.

ಬಚ್ಚಲು ಪಕ್ಕ ಬಣ್ಣದ ತಗಡು ಶೀಟ್ ಇದೆ, ಸೌದೆ ಇಡೋ ಜಾಗ. ಅಲ್ಲೇ ಸೀಮೆಸುಣ್ಣ ಎಳೆದಿದ್ದು. ಮಲಗಿಸಿ ಎಳೆದ್ರೆ ಸಪಾಟಾದ ಕಡೆ ಬೆಳ್ಳಗೆ ಬಳಿಯುತ್ತೆ, ಗುಂಡಿ ಇರೋ ಕಡೆ ಸುಣ್ಣ ತಾಗದೆ ಶೀಟಿನ ನೀಲಿ ಬಣ್ಣ ಹಂಗೇ ದುಂಡಗೆ ಉಳಿಯುತ್ತೆ. ನೋಡಿ ಮೈ ಜುಂ ಅಂತು, ಬರಿಗಣ್ಣಿಗೆ ನಾಲ್ಕೈದು ಕಂಡಿದ್ದು ಸುಣ್ಣ ಎಳೆದ್ಮೇಲೆ ಇಪ್ಪತ್ತರ ಮೇಲೆ. ಆದ್ರೆ ತಗಡಿನ ಗುಂಡಿ ಅಂದ ಕೆಡಿಸುತ್ತೆ ಅಷ್ಟೇ, ನೀರು ಬಿಡಲ್ಲ. ನೋಡ್ಬೇಕಾಗಿರೋದು ಗುಂಡಿ ನಡುವೆ ಬಣ್ಣ ಬಿರಿದಿದೆಯಾ ಅಂತ, ಬಿರಿದಿದ್ರೆ ನಮ್ಮ ಮಳೆಗೆ ತುಕ್ಕು ಶುರು. ಸ್ಕ್ರೂ ಕೆಳಗಿನ ರಬ್ಬರ್ ವಾಷರ್ ಕೂಡ ನೋಡಿ, ಹಳೇದಾಗಿದ್ರೆ ಏಟಿಗೆ ಸೀಳಿರುತ್ತೆ. ಒಂದು ಕಡೆ ಉದ್ದನೆ ದೊಡ್ಡ ತಗ್ಗು ಇತ್ತು, ಅದು ಅಡಿಕೆ ಹೆಡೆ ಬಿದ್ದಿದ್ದು, ಹೋದ ವರ್ಷದ್ದು.

ಕಾಳುಮೆಣಸು ಒಣಗಿಸಕ್ಕೆ ಮಾಡಿದ ಪಾಲಿಕಾರ್ಬೊನೇಟ್ ಚಪ್ಪರ ನಮ್ಗೆ ಎಲ್ಲಕ್ಕಿಂತ ಬೇಜಾರು ಕೊಟ್ಟಿದ್ದು. ಅದು ಎಂಟು ವರ್ಷ ಹಳೇದು, ಹಳದಿ ಆಗಿತ್ತು. ಹೊಸ ಶೀಟು ಏಟಿಗೆ ಬಾಗಿ ಸುಮ್ನಿರುತ್ತೆ, ಬಿಸಿಲು ಕುಡಿದು ಹಳದಿಯಾದ ಶೀಟು ಬಿಸ್ಕತ್ತಿನ ಹಂಗೆ. ತೂತು ಬಿದ್ದಿದ್ದು ಎರಡೇ ಕಡೆ, ಆದ್ರೆ ಒಳಗೆ ನಿಂತು ಮೇಲೆ ನೋಡಿದ್ರೆ ಜೇಡರ ಬಲೆ ಥರ ಬಿರುಕು ಎಷ್ಟೋ. ಶೀಟಿನ ಎರಡು ಪದರದ ನಡುವಿನ ಕೊಳವೆಗಳಲ್ಲಿ ನೀರು ಸೇರಿ ಹಸಿರಾಗಕ್ಕೆ ಶುರುವಾದ್ರೆ ಮೇಲ್ಪದರ ಒಡೆದಿದೆ ಅಂತ ಲೆಕ್ಕ. ಅಂಗಳದ ಟಾರ್ಪಾಲು ಬಿಸಿಲಿಗೆ ಎತ್ತಿ ಹಿಡಿದ್ವಿ, ಮಡಿಕೆ ಇದ್ದ ಕಡೆ ಮಾತ್ರ ಸಣ್ಣ ತೂತು, ಉಳಿದಿದ್ದು ಚೆನ್ನಾಗಿದೆ.

ಈಗ ಸೋಲಾರ್ ವಾಟರ್ ಹೀಟರ್, ಇದನ್ನ ದಯವಿಟ್ಟು ಓದಿ. ನಮ್ದು ಗಾಜಿನ ಟ್ಯೂಬಿಂದು. ಮಳೆ ಬಿದ್ದ ಮಾರನೇ ದಿನವೇ ಹಾಕಿಕೊಟ್ಟವರಿಗೆ ಫೋನ್ ಮಾಡಿದ್ದೆ, ನೀರು ಸೋರ್ತಿದೆಯಾ ಇಲ್ವಾ ಅಂದ್ರು, ಇಲ್ಲ ಅಂದೆ, ಹಂಗಾದ್ರೆ ಏನೂ ಆಗಿಲ್ಲ ಅಂತ ಇಟ್ರು. ಆದ್ರೆ ಬೆಳಗ್ಗೆ ನೀರು ಮೊದಲಿನಷ್ಟು ಬಿಸಿ ಇಲ್ಲ ಅಂತ ಅಮ್ಮ ಹೇಳ್ತಾನೇ ಇದ್ರು. ಆ ಟ್ಯೂಬು ಎರಡು ಗಾಜು, ಒಂದರೊಳಗೊಂದು, ನಡುವೆ ಗಾಳಿ ತೆಗೆದಿರ್ತಾರೆ, ಫ್ಲಾಸ್ಕ್ ಇದ್ದ ಹಂಗೆ. ಹೊರಗಿನ ಗಾಜು ಬಿರಿದ್ರೂ ಒಳಗಿನದು ಗಟ್ಟಿ ಇದ್ರೆ ನೀರು ಸೋರೋದೇ ಇಲ್ಲ, ಗಾಳಿ ಮಾತ್ರ ಒಳಗೆ ಹೋಗುತ್ತೆ, ಬಿಸಿ ನಿಲ್ಲಲ್ಲ. ಗೊತ್ತು ಮಾಡೋದು ಬಹಳ ಸುಲಭ, ಟ್ಯೂಬಿನ ಕೆಳತುದಿ ನೋಡಿ, ಕನ್ನಡಿ ಥರ ಬೆಳ್ಳಿ ಬಣ್ಣ ಇರುತ್ತೆ, ಅದು ಬೇರಿಯಂ ಲೇಪ, ಗಾಳಿ ತಾಗಿದ್ರೆ ಹಾಲಿನ ಹಂಗೆ ಬೆಳ್ಳಗಾಗಿಬಿಡುತ್ತೆ. ತುದಿ ಕ್ಯಾಪಿನೊಳಗೆ ಇರುತ್ತೆ, ಮೆಲ್ಲಗೆ ಸರಿಸಿ ನೋಡ್ಬೇಕು. ನಮ್ಮ 20 ಟ್ಯೂಬಲ್ಲಿ 3 ಬೆಳ್ಳಗಾಗಿತ್ತು. ಫೋಟೋ ಕಳಿಸಿದ್ಮೇಲೆ ಅವರು ಮಾತಾಡ್ದೆ ಬಂದು ಬದಲಾಯಿಸಿ ದುಡ್ಡು ತಗೊಂಡ್ರು.

ಪಕ್ಕದ ಮನೆ ಭಾವನವರ ಪಂಪ್‌ಸೆಟ್ ಸೋಲಾರ್ ಪ್ಯಾನೆಲ್ ಗಾಜಿಗೆ ಎಂತದೂ ಆಗಿರ್ಲಿಲ್ಲ. ತಮ್ಮ ಐಟಿಐ ಎಲೆಕ್ಟ್ರಿಕಲ್ ಓದಿದವನು, ಪ್ಯಾನೆಲ್‌ಗಳಿಗೆ 25 ಮಿ.ಮೀ. ಮಂಜುಗಡ್ಡೆ ಉಂಡೆನ ಸೆಕೆಂಡಿಗೆ 23 ಮೀಟರ್ ವೇಗದಲ್ಲಿ ಹನ್ನೊಂದು ಜಾಗಕ್ಕೆ ಹೊಡೆದು ಪರೀಕ್ಷೆ ಮಾಡಿರ್ತಾರೆ ಅಂತ ಹೇಳಿದ. ಆದ್ರೂ ಗಾಜಿನ ಕೆಳಗೆ ಇರೋ ಸೆಲ್ಲು ತೆಳ್ಳಗೆ, ಅದು ಬಿರಿದಿದ್ರೆ ಈಗ ಕಾಣಲ್ಲ, ಕೆಲವು ತಿಂಗಳಾದ್ಮೇಲೆ ಬಸವನಹುಳು ಹರಿದ ಹಂಗೆ ಗೆರೆ ಮೂಡಬಹುದು. ಅದಕ್ಕೆ ಬಿಸಿಲಿರೋ ದಿನ ಒಂದೇ ಹೊತ್ತಲ್ಲಿ ಎಷ್ಟು ಕರೆಂಟ್ ಬರುತ್ತೆ ಅಂತ ಬರೆದಿಡಿ ಅಂದ, ಭಾವ ಕ್ಯಾಲೆಂಡರಲ್ಲಿ ಬರೀತಿದಾರೆ.

ಇದೆಲ್ಲ ಮಾಡ್ತಿರೋವಾಗ ಅಮ್ಮ ಜಗಲಿ ಮೇಲೆ ಅಪ್ಪೆಮಿಡಿ ಆರಿಸ್ತಾ ಕೂತಿದ್ರು. ಗಾಳಿ ಆಲಿಕಲ್ಲಿಗೆ ಮರದ ಅರ್ಧ ಮಿಡಿ ಉದುರಿತ್ತು. ಒಂದೊಂದನ್ನೂ ಕೈಯಲ್ಲಿ ಹೊರಳಿಸಿ ಬೆಳಕಿಗೆ ಹಿಡಿದು, ಒಂದು ಸಾಸಿವೆಯಷ್ಟು ಕಪ್ಪು ಕಲೆ ಇದ್ರೂ ಪಕ್ಕಕ್ಕೆ. ಪೆಟ್ಟಾಗಿದ್ದು ಒಂದು ಒಳಗೆ ಹೋದ್ರೆ ಇಡೀ ಜಾಡಿ ಮೆತ್ತಗಾಗುತ್ತೆ ಅಂತ. ಎಷ್ಟು ಜನ ಹೊಗಳಿದ್ರೂ ಅಮ್ಮನ ಉಪ್ಪಿನಕಾಯಿ ರಹಸ್ಯ ಆ ಆರಿಸೋದ್ರಲ್ಲೇ ಇರೋದು. ಡೆಂಟ್ ಅಂಗಡಿಯವರು ಬಾನೆಟ್ ನೋಡಿದ್ದು, ಅಮ್ಮ ಮಿಡಿ ನೋಡೋದು, ನಂಗೆ ಎರಡೂ ಒಂದೇ ಥರ ಕಾಣ್ತು. ಎಷ್ಟು ಅವಸರ ಇದ್ರೂ ಒಂದನ್ನೂ ಹಂಗೇ ಬಿಡಲ್ಲ ಇಬ್ರೂ.

ತೋಟದ್ದು ಬೇರೆ ಕಥೆ, ಅಡಿಕೆ ಹಿಂಗಾರ ಉದುರಿದ್ದು ಬಾಳೆ ಎಲೆ ಸೀಳಿದ್ದು ಎಲ್ಲ ಇಲ್ಲಿ ಬರೆಯಲ್ಲ. ಫಸಲ್ ಬಿಮಾ ಕಟ್ಟಿದವರು ಆಲಿಕಲ್ಲು ಬಿದ್ದು 72 ಗಂಟೆ ಒಳಗೆ ತಿಳಿಸ್ಬೇಕು ಅನ್ನೋದು ಮಾತ್ರ ನೆನಪಿಡಿ.

ಮತ್ತೆ ಅಂಗಡಿಗೆ ಬರ್ತೀನಿ. ಮೂರು ದಿನ ಅಂದಿದ್ರು, ಐದು ದಿನ ಆಯ್ತು. ನಾನು ಮಧ್ಯೆ ಒಂದು ದಿನ ಹೋಗಿ ಕೂತು ನೋಡಿದೆ. ಟಾಪಿನ ಒಳಗಿನ ಬಟ್ಟೆ ಇಳಿಸಿ, ಉದ್ದ ಕಬ್ಬಿಣದ ಸರಳನ್ನ ಒಳಗಿಂದ ತೂರಿಸಿ, ಹೊರಗಿನ ಗೆರೆ ಬೆಳಕನ್ನೇ ನೋಡ್ತಾ ಅಕ್ಕಿ ಕಾಳಷ್ಟು ಅಷ್ಟಷ್ಟೇ ಒತ್ತೋದು. ಒಂದೇ ಸಲ ಜೋರಾಗಿ ಒತ್ತಿದ್ರೆ ಹೊರಗಡೆ ಮೊಡವೆ ಥರ ಎದ್ದುಬಿಡುತ್ತೆ, ಪೇಂಟ್ ಸೀಳುತ್ತೆ. ಸುತ್ತಲಿಂದ ನಡುವಿಗೆ ಬರ್ಬೇಕು. ಸರಳು ಹೋಗದ ಕಡೆ ಹೊರಗಿಂದ ಅಂಟು ಹಾಕಿ ಎಳೆಯೋದು. ಒಂದು ಗುಂಡಿಗೆ ಇಪ್ಪತ್ತು ನಿಮಿಷ ಹಿಡಿದಿದ್ದೂ ಇದೆ. ಜತೆಗಿದ್ದ ಹುಡುಗನಿಗೆ ಬಾನೆಟ್ಟಿನ ಸಣ್ಣ ಗುಂಡಿ ಬಿಟ್ಟುಕೊಟ್ಟು ಪಕ್ಕ ನಿಂತು ಅಲ್ಲ ಮಗ, ಇನ್ನೂ ಈಚೆಗೆ, ಮೆಲ್ಲಗೆ ಅಂತ ಹೇಳ್ಕೊಡ್ತಿದ್ರು, ದನಿ ಎತ್ತಿದ್ದು ಒಂದ್ಸಲವೂ ಕೇಳ್ಲಿಲ್ಲ.

ಕಾರು ಕೊಡೋವಾಗ ಮತ್ತೆ ಅದೇ ಬೆಳಕು ನನ್ನ ಕೈಗೇ ಕೊಟ್ಟು ನೀವೇ ನೋಡ್ಕೊಳ್ಳಿ ಅಂದ್ರು. 56ರಲ್ಲಿ 54 ಪೂರ್ತಿ ಹೋಗಿದೆ, ಹುಡುಕಿದ್ರೂ ಸಿಗಲ್ಲ. ಟಾಪಿನ ಅಂಚಲ್ಲಿ ಎರಡು ಒಂಚೂರು ಉಳಿದಿದೆ, ಅಲ್ಲಿ ತಗಡು ಎರಡು ಪದರ, ಸರಳು ಹೋಗಲ್ಲ, ಇನ್ನೂ ಎಳೆದ್ರೆ ಪೇಂಟ್ ಹೋಗುತ್ತೆ ಅಂತ ಮೊದ್ಲೇ ಹೇಳಿದ್ರು, ಆ ಎರಡಕ್ಕೆ ದುಡ್ಡೂ ತಗೊಳ್ಲಿಲ್ಲ, 11,500ರಲ್ಲಿ 400 ಬಿಟ್ರು. ಬಿಲ್ ಕೊಟ್ರು.

ಅರ್ಧ ಸ್ಟಾರ್ ಕಡಿಮೆ ಯಾಕಂದ್ರೆ ತಡ ಆಗುತ್ತೆ ಅಂತ ಫೋನ್ ಮಾಡಿ ಹೇಳ್ಲಿಲ್ಲ, ನಾವಾಗೇ ಮಾಡಿದ್ರೆ ಕೆಲ್ಸದ ಮಧ್ಯೆ ಎತ್ತಲ್ಲ, ದೂರದಿಂದ ಬಸ್ಸಲ್ಲಿ ಬಂದು ವಾಪಸ್ ಹೋಗೋದು ಕಷ್ಟ ಆಯ್ತು ನಂಗೆ. ಕೂರಕ್ಕೆ ಒಂದು ಸ್ಟೂಲ್ ಬಿಟ್ರೆ ಏನೂ ಇಲ್ಲ. ಹೋಗೋರು ಬೆಳಗ್ಗೆ ಹತ್ತರೊಳಗೆ ಹೋಗಿ, ಆಗ ಮಾತಾಡಕ್ಕೆ ಸಿಗ್ತಾರೆ, ಆಲಿಕಲ್ಲಿನ ಫೋಟೋ ಇದ್ರೆ ತಗೊಂಡು ಹೋಗಿ, ಕಾರಿಗೆ ಕವರ್ ಹಾಕಿ ಉಜ್ಜಾಡ್ಬೇಡಿ. ಪೇಂಟ್ ಸೀಳಿದ್ರೆ ಇವರ ಹತ್ರ ಕೆಲ್ಸ ಇಲ್ಲ, ಅವರೇ ವಾಪಸ್ ಕಳಿಸ್ತಾರೆ. ಭಾನುವಾರ ರಜೆ.